ಮರಿಯಾಮೆಯ ಒಳಾಂಗಣ ಆವರಣ

ಮರಿಯಾಮೆಯ ಒಳಾಂಗಣ ಆವರಣವೆಂದರೆ ಸಾಕಿದ ನೆಲಾಮೆಯ ಮರಿಯನ್ನು ಮೊಟ್ಟೆಯೊಡೆದು ಬಂದಾಗಿನಿಂದ ಸುಮಾರು ಮೂರು ವರ್ಷ ತುಂಬುವವರೆಗೆ ಮನೆಯೊಳಗೆ ಬೆಳೆಸಲು, ಅದರ ಮೂಲನೆಲೆಯ ಬಿಸಿಲು, ಮಣ್ಣು, ತೇವ, ನೆರಳುಗಳನ್ನು ಅಳತೆಯರಿತು ಒದಗಿಸುವ ತೊಟ್ಟಿ ಅಥವಾ ಪೆಟ್ಟಿಗೆ. ಇದರ ಒಂದು ತುದಿ ಬಿಸಿ, ಇನ್ನೊಂದು ತುದಿ ತಂಪು. ಒಂದೆಡೆ ಒಣನೆಲ, ಒಂದೆಡೆ ಹಸಿನೆಲ. ಇವುಗಳ ನಡುವೆ ಓಡಾಡುತ್ತ ಮರಿ ತನ್ನ ಮೈಯ ಶಾಖವನ್ನೂ ನೀರಿನಂಶವನ್ನೂ ತಾನೇ ಹೊಂದಿಸಿಕೊಳ್ಳುತ್ತದೆ. ಎಳವೆಯ ಆರೈಕೆಯ ಒಳಿತು ಕೆಡುಕುಗಳು ಚಿಪ್ಪಿನ ಆಕಾರದಲ್ಲಿ ಜೀವಮಾನವಿಡೀ ಉಳಿಯುವುದರಿಂದ ಆಮೆಸಾಕಣೆಯಲ್ಲಿ ಈ ಆವರಣಕ್ಕೆ ಮೊದಲ ಸ್ಥಾನವಿದೆ.

ಈ ಲೇಖನ ಯುರೋಪಿನಲ್ಲಿ ಬಹಳವಾಗಿ ಸಾಕಲ್ಪಡುವ ಹರ್ಮನ್ ಆಮೆಯನ್ನು ಮಾದರಿಯಾಗಿ ಇಟ್ಟುಕೊಂಡಿದೆ. ಬೇರೆ ಜಾತಿಗಳ ಅಗತ್ಯ ಎಲ್ಲಿ ಭಿನ್ನವೋ ಅಲ್ಲಿ ಅದನ್ನು ಹೇಳಿದೆ.

ಪರಿಭಾಷೆ

ಕನ್ನಡದಲ್ಲಿ ಆಮೆ ಎಂಬ ಒಂದೇ ಮಾತು ಕೆರೆಯ ಆಮೆ, ಕಡಲಾಮೆ, ನೆಲದ ಮೇಲೆಯೇ ಬಾಳುವ ಆಮೆ ಮೂರಕ್ಕೂ ಸಲ್ಲುತ್ತದೆ. ಸಾಕಣೆಯ ಮಟ್ಟಿಗೆ ಈ ಸಡಿಲಿಕೆ ಅಪಾಯಕಾರಿ. ಅಂಗಡಿಯಲ್ಲಿ ಆಮೆಯ ತೊಟ್ಟಿ ಎಂದು ಕೇಳಿದವರಿಗೆ ನೀರು ತುಂಬುವ ಗಾಜಿನ ಅಕ್ವೇರಿಯಂ ಸಿಗುತ್ತದೆ. ಅದರಲ್ಲಿ ನೆಲದ ಆಮೆಯನ್ನು ಬಿಟ್ಟರೆ ಮುಳುಗಿ ಸಾಯುತ್ತದೆ. ಇಲ್ಲಿ ನೆಲಾಮೆ ಎಂದರೆ ಟೆಸ್ಟುಡಿನಿಡೀ ಕುಟುಂಬದ, ಆನೆಗಾಲಿನಂಥ ಕಂಬಗಾಲುಗಳುಳ್ಳ, ಈಜಲಾರದ ಆಮೆ. ಮರಿಯಾಮೆ ಎಂದರೆ ಮೂರು ವರ್ಷದೊಳಗಿನ ನೆಲಾಮೆ. ಬೆನ್ನಿನ ಕವಚ ಮೇಲ್ಚಿಪ್ಪು, ಹೊಟ್ಟೆಯ ಕಡೆಯದು ಕೆಳಚಿಪ್ಪು; ಮೇಲ್ಚಿಪ್ಪಿನ ಮೇಲೆ ಜೋಡಿಸಿದಂತಿರುವ ಕೆರಾಟಿನ್ ಹಲ್ಲೆಗಳು ಫಲಕಗಳು. ಆವರಣದ ತಳಕ್ಕೆ ಹಾಸುವ ಮಣ್ಣಿನ ಮಿಶ್ರಣವನ್ನು ಹಾಸುಮಣ್ಣು ಎಂದೂ, ದೀಪದ ನೇರ ಕೆಳಗಿನ ಬಿಸಿ ಜಾಗವನ್ನು ಬಿಸಿಲುತಾಣ ಎಂದೂ, ಬಿಸಿಲುತಾಣದಿಂದ ತಂಪು ತುದಿಯವರೆಗೆ ಹಂತಹಂತವಾಗಿ ಕುಗ್ಗುವ ಶಾಖವನ್ನು ಶಾಖದ ಇಳಿಜಾರು ಎಂದೂ ಕರೆದಿದೆ.

ಹಿನ್ನೆಲೆ

ನೆಲಾಮೆಯನ್ನು ಸಾಕುವ ರೂಢಿ ಯುರೋಪಿನಲ್ಲಿ ಹಳೆಯದು. ಆದರೆ ಬಹುಕಾಲ ಅದು ತೋಟದ ಸಾಕಣೆಯಾಗಿತ್ತು. ಇಂಗ್ಲೆಂಡಿನ ಸೆಲ್ಬೋರ್ನ್ ಹಳ್ಳಿಯ ಪಾದ್ರಿ ಹಾಗೂ ನಿಸರ್ಗ ವೀಕ್ಷಕ ಗಿಲ್ಬರ್ಟ್ ವೈಟ್ 1780ರಲ್ಲಿ ತನ್ನ ಸೋದರತ್ತೆಯ ಆಮೆ ಟಿಮೊಥಿಯನ್ನು ಮನೆಗೆ ತಂದು, ಅದು ಶರತ್ಕಾಲದಲ್ಲಿ ಮಣ್ಣು ಅಗೆದು ಹುದುಗುವುದನ್ನೂ ವಸಂತದಲ್ಲಿ ಎದ್ದು ಬರುವುದನ್ನೂ ಬರೆದಿಟ್ಟ. ಗಂಡು ಹೆಸರಿನ ಈ ಆಮೆ ಹೆಣ್ಣು ಎಂದು ಮುಂದೆ ತಿಳಿಯಿತು. ಅದರ ಚಿಪ್ಪು ಲಂಡನ್ನಿನ ನ್ಯಾಚುರಲ್ ಹಿಸ್ಟರಿ ಮ್ಯೂಸಿಯಂನಲ್ಲಿದೆ. ಇಪ್ಪತ್ತನೆಯ ಶತಮಾನದಲ್ಲಿ ಮೆಡಿಟರೇನಿಯನ್ ಕರಾವಳಿಯಿಂದ ಆಮೆಗಳನ್ನು ಹಿಡಿದು ಹಡಗಿಗೆ ತುಂಬಿ ಬ್ರಿಟನ್ನಿಗೆ ಸಾಗಿಸುವ ಭಾರಿ ವ್ಯಾಪಾರ ಬೆಳೆಯಿತು. ದಾರಿಯಲ್ಲಿ ಸತ್ತವು ಅಸಂಖ್ಯ. ಬದುಕಿ ತಲುಪಿದವುಗಳಲ್ಲೂ ಬಹಳಷ್ಟು ಮೊದಲ ಚಳಿಗಾಲವನ್ನು ದಾಟಲಿಲ್ಲ.

1984ರಲ್ಲಿ ಯುರೋಪಿಯನ್ ಸಮುದಾಯದ ದೇಶಗಳು ಹರ್ಮನ್ ಆಮೆ, ಗ್ರೀಕ್ ಆಮೆ, ಅಂಚುಚಿಪ್ಪಿನ ಆಮೆ ಈ ಮೂರು ಮೆಡಿಟರೇನಿಯನ್ ಜಾತಿಗಳ ವಾಣಿಜ್ಯ ಆಮದನ್ನು ನಿಲ್ಲಿಸಿದವು. ಒಳಾಂಗಣ ಆವರಣದ ಬೆಳವಣಿಗೆ ನಿಜವಾಗಿ ಆರಂಭವಾಗುವುದು ಇಲ್ಲಿಂದ. ಅಲ್ಲಿಯವರೆಗೆ ಮನೆಗೆ ಬರುತ್ತಿದ್ದುದು ಕಾಡಿನಲ್ಲೇ ಬೆಳೆದು ಬಲಿತ ಆಮೆ. ನಿಷೇಧದ ಬಳಿಕ ಬರತೊಡಗಿದ್ದು ಸಾಕಿದ ಆಮೆಗಳ ಮೊಟ್ಟೆಯಿಂದ ಹುಟ್ಟಿದ ಮರಿ. ಹರ್ಮನ್ ಆಮೆಯ ಮರಿ ಮೊಟ್ಟೆಯೊಡೆಯುವುದು ಹೆಚ್ಚಾಗಿ ಆಗಸ್ಟ್ ಕೊನೆ ಅಥವಾ ಸೆಪ್ಟೆಂಬರಿನಲ್ಲಿ. ಉತ್ತರ ಯುರೋಪಿನಲ್ಲಿ ಅದು ಚಳಿ ಕಾಲಿಡುವ ಹೊತ್ತು. ಮೂರು ಸೆಂ.ಮೀ. ಉದ್ದದ, ಹತ್ತು ಗ್ರಾಂ ತೂಗುವ ಜೀವವನ್ನು ಆ ಕಾಲದಲ್ಲಿ ಹೊರಗೆ ಬಿಡುವಂತಿರಲಿಲ್ಲ.

ಮೊದಮೊದಲು ಹಾವು, ಹಲ್ಲಿಗಳಿಗೆಂದು ಇದ್ದ ಗಾಜಿನ ಪೆಟ್ಟಿಗೆಗಳನ್ನೇ ಬಳಸಿದರು. ಗಾಳಿಯಾಡದ, ಇಕ್ಕಟ್ಟಾದ, ಇಡೀ ಪೆಟ್ಟಿಗೆ ಒಂದೇ ಸಮ ಬಿಸಿಯಾಗುವ ಆ ಗೂಡಿಗೆ ಪ್ರತಿಯಾಗಿ ಮೇಲ್ಭಾಗ ತೆರೆದ ಮರದ ತೊಟ್ಟಿ ಬಂತು. 1990ರ ದಶಕದಲ್ಲಿ ಸರೀಸೃಪಗಳಿಗೆಂದೇ ತಯಾರಾದ, ಬಿಸಿಲಿನಲ್ಲಿರುವಂಥ ಯುವಿ-ಬಿ (ಅತಿನೇರಳೆ) ಕಿರಣ ಬೀರುವ ಟ್ಯೂಬ್‌ಲೈಟುಗಳು ಮಾರುಕಟ್ಟೆಗೆ ಬಂದ ಮೇಲೆ ಮನೆಯೊಳಗಿನ ಸಾಕಣೆಗೆ ಭದ್ರ ಬುನಾದಿ ಸಿಕ್ಕಿತು. ಮೂರನೆಯ ತಿರುವು ತೇವದ್ದು. 2003ರಲ್ಲಿ ಆಸ್ಟ್ರಿಯಾದ ವೀಸ್ನರ್ ಮತ್ತು ಈಬೆನ್ ಎಂಬ ಸಂಶೋಧಕರು ಆಫ್ರಿಕದ ಸಲ್ಕಾಟಾ ಆಮೆಯ 50 ಮರಿಗಳನ್ನು ಐದು ಗುಂಪು ಮಾಡಿ, ಬೇರೆಬೇರೆ ತೇವಾಂಶದಲ್ಲಿ, ಬೇರೆಬೇರೆ ಪ್ರೋಟೀನಿನ ಆಹಾರದಲ್ಲಿ ಐದು ತಿಂಗಳು ಬೆಳೆಸಿದರು. ಒಣಗಾಳಿಯಲ್ಲಿ ಬೆಳೆದ ಮರಿಗಳ ಚಿಪ್ಪು ಉಬ್ಬುಬ್ಬಾಯಿತು, ತೇವದಲ್ಲಿ ಬೆಳೆದವುಗಳದು ನುಣುಪಾಗಿ ಬಂತು. ಪ್ರೋಟೀನಿನ ಪ್ರಭಾವ ಅಲ್ಪವೆಂದು ಕಂಡಿತು. ಚಿಪ್ಪು ಉಬ್ಬುವುದಕ್ಕೆ ಅತಿ ಆಹಾರವೊಂದೇ ಕಾರಣವೆಂಬ ಹಳೆಯ ನಂಬಿಕೆಯನ್ನು ಈ ಪ್ರಯೋಗ ಅಲುಗಿಸಿತು.

ಮರಿಯ ದೇಹಸ್ವಭಾವ

ನೆಲಾಮೆ ತನ್ನ ಮೈಯಲ್ಲಿ ಶಾಖವನ್ನು ತಾನೇ ಉತ್ಪಾದಿಸಿಕೊಳ್ಳದ ಪ್ರಾಣಿ. ಜೀರ್ಣಕ್ರಿಯೆ, ರೋಗನಿರೋಧ, ಬೆಳವಣಿಗೆ ಎಲ್ಲವೂ ಹೊರಗಿನ ಶಾಖವನ್ನು ಅವಲಂಬಿಸಿವೆ. ಬೆಳಗ್ಗೆ ಮಣ್ಣಿನಿಂದ ಎದ್ದ ಮರಿ ಮೊದಲು ಬಿಸಿಲಿಗೆ ಬಂದು ಕತ್ತು, ಕಾಲುಗಳನ್ನು ಚಾಚಿ ಚಪ್ಪಟೆಯಾಗಿ ಒರಗುತ್ತದೆ. ಮೈ ಕಾದ ಮೇಲಷ್ಟೇ ಮೇವಿಗೆ ಹೊರಡುತ್ತದೆ. ಹೊಟ್ಟೆ ತುಂಬಿದಾಗ ಜೀರ್ಣಕ್ಕೆಂದು ಮತ್ತೆ ಬಿಸಿಲಿಗೆ, ಬಿಸಿಲು ಏರಿದಾಗ ಪೊದೆಯ ಬುಡಕ್ಕೆ. ಹೀಗೆ ದಿನದಲ್ಲಿ ಹಲವು ಬಾರಿ ಜಾಗ ಬದಲಿಸುವ ಜೀವಿಗೆ ಒಂದೇ ಸಮನಾದ ಶಾಖ ಎಷ್ಟು ಹಿತವಾಗಿದ್ದರೂ ಹಾನಿಯೇ.

ಮರಿಗೂ ದೊಡ್ಡ ಆಮೆಗೂ ಇರುವ ಮುಖ್ಯ ಭೇದ ನೀರಿನದು. ಮೈಯ ಗಾತ್ರಕ್ಕೆ ಹೋಲಿಸಿದರೆ ಮರಿಯ ಮೈಮೇಲ್ಮೈ ಹೆಚ್ಚು. ಆದ್ದರಿಂದ ಅದು ಬಹುಬೇಗ ಒಣಗುತ್ತದೆ. ಮೆಡಿಟರೇನಿಯನ್ ಗುಡ್ಡಗಳು ಬೇಸಿಗೆಯಲ್ಲಿ ಒಣಗಿ ನಿಂತಿದ್ದರೂ ಮರಿಗಳು ಬದುಕುವುದು ಬಯಲಿನಲ್ಲಲ್ಲ; ಹುಲ್ಲಿನ ಬುಡದಲ್ಲಿ, ತರಗೆಲೆಯ ಅಡಿಯಲ್ಲಿ, ಬೇರುಗಳ ನಡುವಿನ ಸಣ್ಣ ಪೊಟರೆಯಲ್ಲಿ. ಮೇಲಿನ ಗಾಳಿ ಒಣಗಿದ್ದರೂ ಆ ಪೊಟರೆಯೊಳಗಿನ ಗಾಳಿ ತೇವವಾಗಿರುತ್ತದೆ. ಒಣನಾಡಿನ ಪ್ರಾಣಿಗೆ ಒಣ ಗೂಡು ಎಂಬ ತಪ್ಪು ಲೆಕ್ಕ ಈ ಸಣ್ಣ ನೆಲೆಯನ್ನು ಗಮನಿಸದೆ ಹುಟ್ಟಿದ್ದು.

ಬೆಳೆಯುವ ಮರಿಯ ಫಲಕಗಳ ನಡುವಿನ ಗೆರೆಯನ್ನು ಹತ್ತಿರದಿಂದ ನೋಡಿದರೆ ತೆಳುಬಣ್ಣದ, ಎಳೆಯ ಉಗುರಿನಂಥ ಪಟ್ಟಿ ಕಾಣುತ್ತದೆ. ಹೊಸ ಕೆರಾಟಿನ್ ಕೂಡುವುದು ಅಲ್ಲಿ. ಆ ಪಟ್ಟಿ ಮೆದುವಾಗಿ, ತೇವವಾಗಿ ಇದ್ದಾಗ ಫಲಕ ಅಡ್ಡಕ್ಕೆ ಹರಡುತ್ತದೆ. ಸಾಲು ಸಾಲಾಗಿ ಕಾಣುವ ಬೆಳವಣಿಗೆಯ ಗೆರೆಗಳಿಂದ ವಯಸ್ಸು ಎಣಿಸುವ ರೂಢಿಯೊಂದಿದೆ. ವರ್ಷಕ್ಕೆ ಒಂದೇ ಗೆರೆ ಮೂಡುವ ನಿಯಮವಿಲ್ಲದ್ದರಿಂದ ಆ ಎಣಿಕೆಯನ್ನು ನಂಬಲಾಗದು.

ರಚನೆ

ತೊಟ್ಟಿ. ಒಂದು ಮರಿಗೆ ಮೊದಲ ಎರಡು ವರ್ಷಗಳಿಗೆ 90 ಸೆಂ.ಮೀ. ಉದ್ದ, 60 ಸೆಂ.ಮೀ. ಅಗಲದ ತಳ ಸಾಮಾನ್ಯವಾಗಿ ಸಾಕು. ಉದ್ದ ಇದಕ್ಕಿಂತ ಕಡಿಮೆಯಾದರೆ ಬಿಸಿ ತುದಿಯ ಶಾಖ ತಂಪು ತುದಿಯನ್ನೂ ಮುಟ್ಟಿ ಇಳಿಜಾರು ಉಳಿಯುವುದಿಲ್ಲ. ಗೋಡೆಯ ಎತ್ತರ 30 ಸೆಂ.ಮೀ. ಇರಬೇಕು, ಅದರಲ್ಲಿ ಹತ್ತು ಸೆಂ.ಮೀ. ಮಣ್ಣಿಗೆ ಹೋಗುತ್ತದೆ; ಉಳಿದ ಎತ್ತರ ಬೇಕೇಬೇಕು, ಏಕೆಂದರೆ ಮರಿಗಳು ಮೂಲೆಗಳಲ್ಲಿ ಗೋಡೆಗೆ ಕಾಲು ಕೊಟ್ಟು ಹತ್ತುವುದರಲ್ಲಿ ಚುರುಕು. ಗೋಡೆ ಆಚೆ ಕಾಣದಂತೆ ಮುಚ್ಚಿರಬೇಕು. ಪಾರದರ್ಶಕ ಗಾಜನ್ನು ಆಮೆ ಅಡ್ಡಿಯೆಂದು ಅರಿಯದೆ ಅದರುದ್ದಕ್ಕೂ ಗಂಟೆಗಟ್ಟಲೆ ತಳ್ಳುತ್ತ ನಡೆಯುತ್ತದೆ. ಇರುವ ಗಾಜಿನ ಪೆಟ್ಟಿಗೆಯನ್ನೇ ಬಳಸುವುದಾದರೆ ಕೆಳಗಿನ ಭಾಗಕ್ಕೆ ಹೊರಗಿನಿಂದ ಕಾಗದ ಅಂಟಿಸಬೇಕು. ಮರದ ತೊಟ್ಟಿಯ ಒಳಮೈಗೆ ನೀರು ಹೀರದ ಲೇಪ ಅಥವಾ ಕೊಳದ ರಬ್ಬರ್ ಹಾಳೆ ಹಾಕದಿದ್ದರೆ ಹಸಿಮಣ್ಣಿಗೆ ಮರ ಕೊಳೆಯುತ್ತದೆ. ಬೆಕ್ಕು, ನಾಯಿ, ಇಲಿ ಇರುವ ಮನೆಯಲ್ಲಿ ಮೇಲೊಂದು ತಂತಿಬಲೆಯ ಮುಚ್ಚಳ ಬೇಕೇಬೇಕು.

ಹಾಸುಮಣ್ಣು. ಗೊಬ್ಬರ, ಕೀಟನಾಶಕ ಬೆರೆಯದ ತೋಟದ ಮಣ್ಣಿಗೆ ತೆಂಗಿನ ನಾರಿನ ಪುಡಿ ಬೆರೆಸುವುದು ಇಂದು ಹೆಚ್ಚು ಚಾಲ್ತಿಯಲ್ಲಿರುವ ಕ್ರಮ. ಕೊಕೊಪೀಟ್ ಎಂದು ಕರೆಯುವ ಈ ಪುಡಿ ಕರ್ನಾಟಕ ಸೇರಿದಂತೆ ದಕ್ಷಿಣ ಭಾರತದ ತೆಂಗಿನ ಸೀಮೆಯ ಉಪಉತ್ಪನ್ನ. ಇಟ್ಟಿಗೆಯಂತೆ ಒತ್ತಿ ಹೊರದೇಶಗಳಿಗೆ ಹೋಗುತ್ತದೆ. ಯುರೋಪಿನ ಎಷ್ಟೋ ಮರಿಯಾಮೆಗಳು ನಿದ್ರಿಸುವುದು ನಮ್ಮ ಕಡೆಯ ತೆಂಗಿನ ಸಿಪ್ಪೆಯ ಪುಡಿಯಲ್ಲಿ. ಮಣ್ಣು ಅರ್ಧ, ನಾರಿನ ಪುಡಿ ಅರ್ಧ ಎಂಬ ಅಳತೆ ಮರಿಗಳಿಗೆ ಹೊಂದುತ್ತದೆ. ಮಣ್ಣು ಜಿಗಟಾದರೆ ಸ್ವಲ್ಪ ತೊಳೆದ ಮರಳು ಸೇರಿಸಬಹುದು. ಆಳ ಕನಿಷ್ಠ 8ರಿಂದ 10 ಸೆಂ.ಮೀ., ಮರಿ ಪೂರ್ತಿ ಹುದುಗುವಷ್ಟು. ಹದವನ್ನು ಕೈಯಿಂದಲೇ ನೋಡಬೇಕು: ಮುಷ್ಟಿಯಲ್ಲಿ ಹಿಡಿದು ಅಮುಕಿದರೆ ಉಂಡೆ ಕಟ್ಟಬೇಕು, ಬೆರಳ ಸಂದಿಯಲ್ಲಿ ನೀರು ಒಸರಬಾರದು, ಉಂಡೆಯನ್ನು ಬೆರಳಿನಿಂದ ತಟ್ಟಿದರೆ ಉದುರಬೇಕು. ಬರಿಯ ಮರಳು, ಸುಣ್ಣದ ಮರಳು, ದೇವದಾರು ಮತ್ತು ಪೈನ್ ಮರದ ಹೊಟ್ಟು, ಅಕ್ರೋಡಿನ ಸಿಪ್ಪೆಯ ಪುಡಿ ಇವು ವರ್ಜ್ಯ. ಮರಳು ಮೇವಿನೊಡನೆ ಹೊಟ್ಟೆ ಸೇರಿ ಕರುಳು ಕಟ್ಟುತ್ತದೆ. ದೇವದಾರಿನ ಎಣ್ಣೆಯಂಶ ಉಸಿರಾಟಕ್ಕೆ ಕೆಡುಕು. ಹಳೆಯ ದಿನಪತ್ರಿಕೆ ಹಾಸುವುದು ರೋಗಿಯಾದ ಅಥವಾ ಹೊಸದಾಗಿ ಬಂದ ಆಮೆಯ ಮಲಪರೀಕ್ಷೆಯ ಅವಧಿಗೆ ಮಾತ್ರ.

ಶಾಖ. ಬಿಸಿಲುತಾಣದಲ್ಲಿ, ಮರಿಯ ಚಿಪ್ಪಿನ ಎತ್ತರದಲ್ಲಿ ಅಳೆದಾಗ 32ರಿಂದ 35 ಡಿಗ್ರಿ ಸೆಲ್ಸಿಯಸ್. ತಂಪು ತುದಿಯಲ್ಲಿ 20ರಿಂದ 24 ಡಿಗ್ರಿ. ರಾತ್ರಿ ದೀಪ ಆರಿದ ಮೇಲೆ ಹರ್ಮನ್ ಮರಿಗೆ 15ರಿಂದ 18 ಡಿಗ್ರಿಯಾದರೂ ತೊಂದರೆಯಿಲ್ಲ. ಹಗಲು ರಾತ್ರಿಗಳ ಈ ಏರಿಳಿತ ಅದರ ಸಹಜ ಬದುಕಿನ ಭಾಗ. ಶಾಖ ಯಾವಾಗಲೂ ಮೇಲಿನಿಂದಲೇ ಬರಬೇಕು. ಆಮೆಗೆ ಬಿಸಿ ಎಂದರೆ ಆಕಾಶದ ಕಡೆಯಿಂದ ಬರುವುದು, ತಂಪು ಎಂದರೆ ನೆಲದೊಳಗಿರುವುದು. ತೊಟ್ಟಿಯ ಕೆಳಗೆ ಬಿಸಿಹಾಸು ಇಟ್ಟರೆ ಬಿಸಿ ತಾಳದೆ ತಂಪಿಗೆಂದು ಮಣ್ಣು ಅಗೆಯುವ ಮರಿ ಇನ್ನಷ್ಟು ಬಿಸಿಯತ್ತಲೇ ಇಳಿಯುತ್ತದೆ. ವಿದ್ಯುತ್ತಿನಿಂದ ಕಾಯುವ ಕೃತಕ ಕಲ್ಲುಗಳು ಕೆಳಚಿಪ್ಪನ್ನು ಸುಟ್ಟ ಉದಾಹರಣೆಗಳು ಪಶುವೈದ್ಯರಿಗೆ ಹೊಸವಲ್ಲ. ದೀಪವನ್ನು ಕ್ಲಿಪ್ಪಿನಿಂದ ಸಿಕ್ಕಿಸುವುದರ ಬದಲು ಸರಪಳಿಯಿಂದ ಭದ್ರವಾಗಿ ತೂಗುಹಾಕಬೇಕು. ಒಣಹುಲ್ಲಿನ ಮೇಲೆ ಬಿದ್ದ ದೀಪ ಮನೆಗೇ ಬೆಂಕಿ ಹಚ್ಚಬಲ್ಲದು. ಬಿಸಿಲುತಾಣದ ಅಡಿಯಲ್ಲಿ ಚಪ್ಪಟೆ ಕಲ್ಲೊಂದನ್ನು ಹುದುಗಿಸಿದರೆ ಅದು ಶಾಖವನ್ನು ಹಿಡಿದಿಡುತ್ತದೆ. ಅಲ್ಲೇ ಅಂಗಾತ ಬಿದ್ದ ಮರಿ ತಾನೇ ಮಗುಚಿಕೊಳ್ಳಲಾಗದಿದ್ದರೆ ದೀಪದ ಬಿಸಿಗೆ ಬೇಗ ಸಾಯುತ್ತದೆ. ಆದ್ದರಿಂದ ದೀಪದ ಕೆಳಗೆ ಹತ್ತಿ ಉರುಳುವಂಥ ಕಲ್ಲು, ಕೊರಡು ಇರಬಾರದು. ಸುತ್ತ ಕಾಲಿಗೆ ಆಸರೆ ಸಿಗುವಂತೆ ಗಿಡ, ಹುಲ್ಲಿನ ಗಡ್ಡೆ ಇರಬೇಕು.

ಬೆಳಕು. ಆಮೆಯ ಚರ್ಮದಲ್ಲಿರುವ ಕೊಲೆಸ್ಟರಾಲ್ ಸಂಬಂಧಿ ವಸ್ತುವೊಂದು ಸುಮಾರು 290ರಿಂದ 315 ನ್ಯಾನೊಮೀಟರ್ ಅಲೆಯುದ್ದದ ಯುವಿ-ಬಿ ಕಿರಣ ತಾಗಿದಾಗ ಮಾರ್ಪಟ್ಟು, ಮೈಯ ಶಾಖದ ನೆರವಿನಿಂದ ಡಿ-3 ಜೀವಸತ್ವವಾಗುತ್ತದೆ. ಯಕೃತ್ತು, ಮೂತ್ರಪಿಂಡಗಳಲ್ಲಿ ಪಕ್ವವಾಗಿ ಕರುಳಿನಿಂದ ಕ್ಯಾಲ್ಸಿಯಂ ಹೀರಲು ನೆರವಾಗುತ್ತದೆ. ಕಿರಣವಿದ್ದು ಶಾಖವಿಲ್ಲದಿದ್ದರೆ ಈ ಸರಣಿ ಅರ್ಧಕ್ಕೆ ನಿಲ್ಲುವುದರಿಂದ ಯುವಿ-ಬಿ ದೀಪವೂ ಬಿಸಿದೀಪವೂ ಒಂದೇ ಜಾಗವನ್ನು ಬೆಳಗಬೇಕು. ಕಿಟಕಿಯ ಗಾಜು ಯುವಿ-ಬಿಯನ್ನು ತಡೆಯುತ್ತದೆ; ಕಿಟಕಿಯ ಬಳಿ ಬಿಸಿಲು ಬೀಳುವಲ್ಲಿ ತೊಟ್ಟಿ ಇಟ್ಟರೆ ಮರಿಗೆ ಬಿಸಿ ಸಿಗುತ್ತದೆ, ಡಿ-3 ಸಿಗುವುದಿಲ್ಲ. ಮುಚ್ಚಿದ ಗಾಜಿನ ಪೆಟ್ಟಿಗೆಯಾದರೆ ಅಂಥ ಬಿಸಿಲಿನಲ್ಲಿ ಬೆಂದೇಹೋಗುತ್ತದೆ.

ಎಷ್ಟು ಕಿರಣ ಬೇಕೆಂಬುದು ದೀರ್ಘಕಾಲ ಊಹೆಯ ಮಾತಾಗಿತ್ತು. 2010ರಲ್ಲಿ ಅಮೆರಿಕದ ಗ್ಯಾರಿ ಫರ್ಗ್ಯುಸನ್ ಮತ್ತು ಸಂಗಡಿಗರು ಹಲ್ಲಿ, ಹಾವುಗಳು ತಮ್ಮ ನೆಲೆಯಲ್ಲಿ ತಾವಾಗಿ ಎಷ್ಟು ಯುವಿ-ಬಿಗೆ ಮೈಯೊಡ್ಡುತ್ತವೆ ಎಂದು ಅಳೆದು ನಾಲ್ಕು ವಲಯಗಳನ್ನು ಗುರುತಿಸಿದರು. 2016ರಲ್ಲಿ ಫ್ರಾನ್ಸಿಸ್ ಬೇನ್ಸ್ ಮತ್ತು ಇತರರು ಇದನ್ನು ಇನ್ನೂರಕ್ಕೂ ಹೆಚ್ಚು ಜಾತಿಗಳಿಗೆ ವಿಸ್ತರಿಸಿದರು. ಮೆಡಿಟರೇನಿಯನ್ ಆಮೆಗಳು ಮೂರನೆಯ ವಲಯದವು. ಬಿಸಿಲುತಾಣದಲ್ಲಿ ಯುವಿ ಸೂಚ್ಯಂಕ ಸುಮಾರು 3ರಿಂದ ಮೇಲಕ್ಕಿರಬೇಕು, ನೆರಳಿನಲ್ಲಿ ಸೊನ್ನೆಗೆ ಇಳಿಯಬೇಕು. ಇದಕ್ಕೆ ತೊಟ್ಟಿಯ ಅರ್ಧ ಉದ್ದದ ಟಿ-5 ಟ್ಯೂಬ್ ದೀಪವನ್ನು ತಯಾರಕರು ಹೇಳಿದ ಎತ್ತರದಲ್ಲಿ, ಸಾಮಾನ್ಯವಾಗಿ ಚಿಪ್ಪಿನಿಂದ 30–40 ಸೆಂ.ಮೀ. ಮೇಲೆ, ಅಡ್ಡಲಾಗಿ ಹಾಕುತ್ತಾರೆ. ನಡುವೆ ದಟ್ಟ ತಂತಿಬಲೆ ಬಂದರೆ ಕಿರಣದ ಗಣನೀಯ ಪಾಲು ಅಲ್ಲೇ ನಿಲ್ಲುತ್ತದೆ. ದೀಪ ಉರಿಯುತ್ತಿದ್ದರೂ ಕಾಲ ಕಳೆದಂತೆ ಯುವಿ-ಬಿ ಕುಗ್ಗುತ್ತದೆ. ಕಣ್ಣಿಗೆ ಅದು ಗೊತ್ತಾಗದು. ಅಳೆಯುವ ಮೀಟರ್ ಇಲ್ಲದವರು ವರ್ಷಕ್ಕೊಮ್ಮೆ ಟ್ಯೂಬ್ ಬದಲಿಸಬೇಕು. ದಿನಕ್ಕೆ 12ರಿಂದ 14 ಗಂಟೆ ಬೆಳಕು, ಉಳಿದ ಹೊತ್ತು ಪೂರ್ತಿ ಕತ್ತಲೆ. ರಾತ್ರಿಗೆಂದು ಮಾರುವ ಕೆಂಪು ದೀಪ ಬೇಡ. ಶಾಖ ಬೇಕೆನಿಸಿದರೆ ಬೆಳಕು ಬೀರದ ಸೆರಾಮಿಕ್ ಹೀಟರ್ ಇದೆ.

ತೇವ. ಮಣ್ಣಿನ ಮಟ್ಟದಲ್ಲಿ ಸಾಪೇಕ್ಷ ತೇವಾಂಶ ಶೇ. 60ರಿಂದ 80 ಇರಬೇಕು. ಚಳಿನಾಡಿನ ಮನೆಗಳಲ್ಲಿ ಹೀಟರ್ ಹಾಕಿದ ಕೋಣೆಯ ಗಾಳಿ ಇದರ ಅರ್ಧಕ್ಕೂ ಇಳಿಯುತ್ತದೆ, ತೆರೆದ ತೊಟ್ಟಿಯೊಂದು ಬಿಸಿದೀಪದ ಕೆಳಗೆ ಎರಡೇ ದಿನದಲ್ಲಿ ಧೂಳಾಗುತ್ತದೆ. ಮೇಲೆ ಸಿಂಪಡಿಸಿದ ನೀರು ಗಂಟೆಯೊಳಗೆ ಆರುತ್ತದೆ. ಅದಕ್ಕಿಂತ ಮೂಲೆಯಲ್ಲಿ ನೀರು ಸುರಿದು ಮಣ್ಣಿನ ಕೆಳಪದರ ಹಸಿಯಾಗಿರುವಂತೆ, ಮೇಲ್ಪದರ ಆರಿರುವಂತೆ ನೋಡಿಕೊಳ್ಳುವುದು ಮೇಲು. ಸದಾ ತೊಯ್ದ, ತಣ್ಣಗಿನ ಮೇಲ್ಮೈ ಕೆಳಚಿಪ್ಪಿನ ಕೊಳೆತಕ್ಕೆ ಕಾರಣ. ತೇವವೂ ಬೆಚ್ಚಗೂ ಇದ್ದರೆ ಸರಿ, ಒಣಗಿ ತಂಪಾಗಿದ್ದರೆ ಸಹಿಸಬಹುದು. ತೇವದ ಜೊತೆ ಚಳಿ ಸೇರಿದರೆ ಶ್ವಾಸಕೋಶದ ರೋಗ ಬರುತ್ತದೆ.

ಅಡಗುತಾಣ ಮತ್ತು ನೀರು. ಕನಿಷ್ಠ ಎರಡು ಅಡಗುತಾಣ ಬೇಕು, ಒಂದು ಬಿಸಿ ಕಡೆ, ಒಂದು ತಂಪು ಕಡೆ. ಅರ್ಧ ಸೀಳಿದ ಮಣ್ಣಿನ ಹೂಕುಂಡವನ್ನು ಬೋರಲು ಹಾಕಿದರೆ ಸಾಕು; ಬೆಲೆಬಾಳುವ ಪ್ಲಾಸ್ಟಿಕ್ ಗುಹೆಗಿಂತ ಇದು ತೇವವನ್ನು ಚೆನ್ನಾಗಿ ಹಿಡಿಯುತ್ತದೆ. ತಂಪು ಕಡೆಯದರಲ್ಲಿ ಒದ್ದೆ ಸ್ಫ್ಯಾಗ್ನಮ್ ಪಾಚಿ ತುಂಬಿದರೆ ಅದು ಕಾಡಿನ ಪೊಟರೆಯ ಕೆಲಸ ಮಾಡುತ್ತದೆ. ನೀರಿಗೆ ಹೂಕುಂಡದ ಅಡಿ ಇಡುವ ಮಣ್ಣಿನ ತಟ್ಟೆಯನ್ನು ನೆಲದ ಮಟ್ಟಕ್ಕೆ ಹೂತಿಡಬೇಕು, ನೀರು ಮರಿಯ ಗದ್ದಕ್ಕಿಂತ ಮೇಲೆ ಬರಬಾರದು. ಆಮೆ ನೀರಿಗಿಳಿದು ಕುಡಿಯುತ್ತದೆ, ಅಲ್ಲೇ ವಿಸರ್ಜಿಸುತ್ತದೆ. ಹೀಗಾಗಿ ನೀರನ್ನು ದಿನವೂ, ಕೆಲವೊಮ್ಮೆ ದಿನಕ್ಕೆರಡು ಸಲ ಬದಲಿಸಬೇಕಾಗುತ್ತದೆ.

ಅಳತೆಯ ಸಾಧನಗಳು. ತಾಪಮಾಪಕ ಎರಡು, ತೇವಮಾಪಕ ಒಂದು, ಶಾಖವನ್ನು ಹತೋಟಿಯಲ್ಲಿಡುವ ಥರ್ಮೋಸ್ಟಾಟ್ ಒಂದು. ಗೋಡೆಗೆ ಅಂಟಿಸಿದ ತಾಪಮಾಪಕ ಹೇಳುವುದು ಗೋಡೆಯ ಶಾಖವನ್ನು. ತಂತಿಯ ತುದಿಯ ಸಂವೇದಕವನ್ನು ಮರಿ ಕೂರುವ ಜಾಗದಲ್ಲಿ, ಮರಿಯ ಎತ್ತರಕ್ಕೆ ಇಡಬೇಕು.

ವಿಧಗಳು

ತೆರೆದ ತೊಟ್ಟಿ ಮೆಡಿಟರೇನಿಯನ್ ಮತ್ತು ಮಧ್ಯ ಏಷ್ಯದ ಜಾತಿಗಳಿಗೆ ಬಹಳ ಕಾಲದಿಂದ ಮೆಚ್ಚಿನದು. ಗಾಳಿಯಾಟ ಚೆನ್ನಾಗಿದೆ, ಇಳಿಜಾರು ಸ್ಪಷ್ಟವಾಗಿ ಮೂಡುತ್ತದೆ, ಕಟ್ಟುವುದು ಸುಲಭ. ಹಳೆಯ ಪುಸ್ತಕದ ಕಪಾಟನ್ನು ಮಲಗಿಸಿದರೂ ಆಗುತ್ತದೆ. ತೇವ ನಿಲ್ಲದಿರುವುದು ಇದರ ಕೊರತೆ. ಅರ್ಧ ಭಾಗಕ್ಕೆ ಹಲಗೆ ಮುಚ್ಚಿ ಈ ಕೊರತೆಯನ್ನು ತಕ್ಕಮಟ್ಟಿಗೆ ನೀಗಬಹುದು.

ಮುಚ್ಚಿದ ಪೆಟ್ಟಿಗೆಯಲ್ಲಿ ದೀಪ, ಹೀಟರುಗಳೆಲ್ಲ ಒಳಗೇ ಇದ್ದು ಬಿಸಿಯೂ ತೇವವೂ ಹೊರಹೋಗುವುದಿಲ್ಲ. ಸಲ್ಕಾಟಾ, ಚಿರತೆ ಆಮೆ, ದಕ್ಷಿಣ ಅಮೆರಿಕದ ಕೆಂಪುಕಾಲಿನ ಆಮೆ ಮುಂತಾದ ಉಷ್ಣವಲಯದ ಮರಿಗಳಿಗೆ ಅಮೆರಿಕದಲ್ಲಿ ಈಗ ಇದನ್ನೇ ಹೆಚ್ಚು ಬಳಸುತ್ತಾರೆ. ಚಿಕ್ಕ ಪೆಟ್ಟಿಗೆಯಾದರೆ ಎಲ್ಲೆಡೆ ಒಂದೇ ಶಾಖವಾಗುವ ಹಳೆಯ ದೋಷ ಮರಳಿ ಬರುವುದರಿಂದ ಇದಕ್ಕೆ 120 ಸೆಂ.ಮೀ. ಉದ್ದವಾದರೂ ಇರಬೇಕು. ದೊಡ್ಡ ಪ್ಲಾಸ್ಟಿಕ್ ಟಬ್ ತಾತ್ಕಾಲಿಕ ವ್ಯವಸ್ಥೆಗೆ ಸಾಕು.

ಜರ್ಮನಿಯಲ್ಲಿ ಇನ್ನೊಂದು ಪದ್ಧತಿ ಬೇರೂರಿದೆ: ತರಕಾರಿ ಸಸಿಗಳಿಗೆ ಬಳಸುವ ಗಾಜುಮುಚ್ಚಳದ ಪಾತಿಯನ್ನು, ಯುವಿ ಹಾಯಬಿಡುವ ವಿಶೇಷ ಅಕ್ರಿಲಿಕ್ ಹಾಳೆ ಹೊದಿಸಿ, ತೋಟದಲ್ಲೇ ಮರಿಗಳ ಮನೆಯಾಗಿಸುವುದು. ಇಲ್ಲಿ ಒಳಾಂಗಣ ಆವರಣ ರೋಗಿ ಮರಿಗೂ ಕೆಟ್ಟ ಹವೆಯ ವಾರಗಳಿಗೂ ಮೀಸಲು. ನಿಜವಾದ ಬಿಸಿಲಿಗೆ ಸರಿಸಾಟಿಯಾದ ದೀಪ ಇನ್ನೂ ತಯಾರಾಗಿಲ್ಲವಾದ್ದರಿಂದ, ಒಳಗೇ ಬೆಳೆಯುವ ಮರಿಯನ್ನೂ ಬೆಚ್ಚನೆಯ ದಿನಗಳಲ್ಲಿ ಬಲೆ ಮುಚ್ಚಿದ ಹೊರಗಿನ ಪಾತಿಯಲ್ಲಿ ಕೆಲವು ಗಂಟೆ ಬಿಡುವುದು ಎಲ್ಲ ಪದ್ಧತಿಗಳಲ್ಲೂ ಒಪ್ಪಿತ.

ಜಾತಿಗೆ ತಕ್ಕ ವ್ಯತ್ಯಾಸ

ಮಧ್ಯ ಏಷ್ಯದ ಹಾರ್ಸ್‌ಫೀಲ್ಡ್ ಆಮೆ ಬಿಲ ತೋಡುವುದರಲ್ಲಿ ಮುಂದು. ಇದಕ್ಕೆ 15 ಸೆಂ.ಮೀ.ಗೂ ಮೀರಿದ ಮಣ್ಣು ಬೇಕು. ಕೆಂಪುಕಾಲಿನ ಆಮೆಗೆ ರಾತ್ರಿಯೂ 22 ಡಿಗ್ರಿಗಿಂತ ಕೆಳಗಿಳಿಯಬಾರದು, ತೇವಾಂಶ ಶೇ. 80ರ ಆಸುಪಾಸು ಇರಬೇಕು, ಬೆಳಕು ಮಂದವಾಗಿರಬೇಕು. ಹಣ್ಣು ಅದರ ಸಹಜ ಆಹಾರದಲ್ಲಿ ಸೇರಿದೆ. ಸಲ್ಕಾಟಾ ಸಹಾರಾದ ದಕ್ಷಿಣದಂಚಿನ ಪ್ರಾಣಿಯಾದರೂ ಅದರ ಮರಿ ತೇವದ ಬಿಲದಲ್ಲಿ ಬೆಳೆಯುವಂಥದು. ಅಂಗೈಯಲ್ಲಿ ಹಿಡಿಯುವ ಈ ಮರಿ ಬೆಳೆದು 70–80 ಸೆಂ.ಮೀ. ಉದ್ದವಾಗುತ್ತದೆ, ಗಂಡು 80 ಕಿ.ಗ್ರಾಂ. ದಾಟಬಲ್ಲದು, ಮೂರು ನಾಲ್ಕು ವರ್ಷಗಳಲ್ಲೇ ಒಳಾಂಗಣ ಆವರಣದ ಮಾತು ಮುಗಿದು ಅಂಗಳವೇ ಬೇಕಾಗುತ್ತದೆ. ಕೊಳ್ಳುವವರು ಮರಿಯ ಗಾತ್ರ ನೋಡಿ ಕೊಳ್ಳುತ್ತಾರೆ, ಈ ಲೆಕ್ಕ ಹಾಕುವುದಿಲ್ಲ.

ಎರಡು ಜಾತಿಗಳನ್ನು ಒಂದೇ ಆವರಣದಲ್ಲಿ ಇಡಲಾಗದು. ಒಂದಕ್ಕೆ ಸಹಜವಾಗಿರುವ ರೋಗಾಣು ಇನ್ನೊಂದನ್ನು ಕೊಲ್ಲಬಹುದು. ಒಂದೇ ಜಾತಿಯ ಎರಡು ಮರಿಗಳಿದ್ದರೂ ಬಲವಾದದ್ದು ಇನ್ನೊಂದನ್ನು ಬಿಸಿಲುತಾಣದಿಂದಲೂ ಮೇವಿನಿಂದಲೂ ದೂರವಿಡುತ್ತದೆ; ಒಂದರ ಮೇಲೊಂದು ಹತ್ತಿ ಕೂರುವುದು ಅಕ್ಕರೆಯಿಂದಲ್ಲ, ಪೈಪೋಟಿಯಿಂದ. ಮರಿಯಾಮೆಗೆ ಒಂಟಿತನ ಕೊರತೆಯಲ್ಲ.

ದಿನಚರಿ ಮತ್ತು ಆಹಾರ

ಬೆಳಗ್ಗೆ ದೀಪ ಹೊತ್ತಿ ಅರ್ಧ ಗಂಟೆಯಾದ ಬಳಿಕ ಮರಿಯನ್ನು ಗದ್ದಮಟ್ಟದ ಉಗುರುಬೆಚ್ಚಗಿನ ನೀರಿನಲ್ಲಿ 15–20 ನಿಮಿಷ ಬಿಡುವುದು ಮೊದಲ ವರ್ಷದಲ್ಲಿ ಬಹುತೇಕ ದಿನವೂ ನಡೆಯುವ ಕ್ರಮ. ಮರಿ ತಲೆ ಬಗ್ಗಿಸಿ ದೀರ್ಘವಾಗಿ ಕುಡಿಯುತ್ತದೆ, ಮಲ ಹಾಕುತ್ತದೆ, ಬಿಳಿಯ ಕೆನೆಯಂಥ ಯುರೇಟನ್ನು ಹೊರಬಿಡುತ್ತದೆ. ಈ ಬಿಳಿವಸ್ತು ಕೆನೆಯಂತೆ ಇದ್ದರೆ ನೀರಿನಂಶ ಸರಿಯಿದೆ; ಮರಳಿನಂತೆ ತರಿತರಿಯಾದರೆ ಮೈ ಒಣಗಿದೆ ಎಂದರ್ಥ, ಹಾಗೇ ಬಿಟ್ಟರೆ ಮೂತ್ರಕೋಶದಲ್ಲಿ ಕಲ್ಲು ಕಟ್ಟುತ್ತದೆ. ವಾರಕ್ಕೊಮ್ಮೆ ಗ್ರಾಂ ತೋರಿಸುವ ತಕ್ಕಡಿಯಲ್ಲಿ ತೂಕ ನೋಡಿ ಬರೆದಿಡಬೇಕು. ಆಮೆ ರೋಗವನ್ನು ಬಹುಕಾಲ ಹೊರಗೆ ತೋರಿಸುವುದಿಲ್ಲ. ಮೊದಲು ಹೇಳುವುದು ತಕ್ಕಡಿ.

ಮೆಡಿಟರೇನಿಯನ್ ಆಮೆಯ ಮೇವು ಕಳೆಗಿಡಗಳು: ದಂಡೇಲಿಯನ್, ಪ್ಲಾಂಟೇನ್, ಸೋ ಥಿಸಲ್, ಕ್ಲೋವರ್. ನಾರು ಹೆಚ್ಚು, ಪ್ರೋಟೀನ್ ಕಡಿಮೆ, ಕ್ಯಾಲ್ಸಿಯಂ ರಂಜಕದ ಎರಡು ಪಟ್ಟಾದರೂ ಇರಬೇಕೆಂಬುದು ಸೂತ್ರ. ದಾಸವಾಳದ ಎಲೆ ಮತ್ತು ಹೂ, ಹಿಪ್ಪುನೇರಳೆ ಎಲೆ, ಪಾಪಸುಕಳ್ಳಿಯ ಮುಳ್ಳು ತೆಗೆದ ದಳ ಇವು ಬೆಚ್ಚನೆಯ ನಾಡುಗಳಲ್ಲಿ ಸುಲಭವಾಗಿ ಸಿಗುವ ಒಳ್ಳೆಯ ಮೇವು. ಪಾಲಕ್ ಸೊಪ್ಪಿನ ಆಕ್ಸಲೇಟ್ ಕ್ಯಾಲ್ಸಿಯಮ್ಮನ್ನು ಕಟ್ಟಿಹಾಕುವುದರಿಂದ ಅದು ಅಪರೂಪಕ್ಕೆ ಮಾತ್ರ. ಅನ್ನ, ಬ್ರೆಡ್ಡು, ಹಾಲು, ನಾಯಿಯ ಆಹಾರ ಯಾವತ್ತೂ ಸಲ್ಲದು. ಮೇವನ್ನು ಒರಟು ಕಡಪ ಕಲ್ಲಿನ ಮೇಲೆ ಹಾಕಿದರೆ ತಿನ್ನುತ್ತ ತಿನ್ನುತ್ತ ಕೊಕ್ಕೂ ಉಗುರೂ ತಾವಾಗಿ ಸವೆಯುತ್ತವೆ. ಕ್ಯಾಲ್ಸಿಯಮ್ಮಿಗೆ ಕಟಲ್‌ಫಿಶ್ ಎಂಬ ಕಡಲಜೀವಿಯ ಮೂಳೆಯೊಂದನ್ನು ಆವರಣದಲ್ಲಿ ಬಿಟ್ಟಿರುವುದು ರೂಢಿ.

ಶಿಶಿರನಿದ್ರೆಯ ವಿಷಯದಲ್ಲಿ ಎಚ್ಚರ ಬೇಕು. ಹರ್ಮನ್ ಮರಿ ಕಾಡಿನಲ್ಲಿ ಮೊದಲ ಚಳಿಗಾಲದಲ್ಲೇ ನಿದ್ರಿಸುತ್ತದೆ; ಸಾಕಣೆಯಲ್ಲಿ ಆರೋಗ್ಯವಂತ ಮರಿಯನ್ನು 4–5 ಡಿಗ್ರಿಯ ಫ್ರಿಜ್ಜಿನಲ್ಲಿ ಕೆಲವು ವಾರ ಇರಿಸುವ ಕ್ರಮವಿದೆ. ತೂಕ ಸಾಲದ ಮರಿಯನ್ನೂ ಉಷ್ಣವಲಯದ ಯಾವ ಜಾತಿಯನ್ನೂ ಹೀಗೆ ಮಲಗಿಸುವಂತಿಲ್ಲ. ಫೆಬ್ರವರಿಯಲ್ಲೂ ಬಿಸಿಲಿರುವ ಕರ್ನಾಟಕದ ಮನೆಗಳಲ್ಲಿ ಈ ಪ್ರಶ್ನೆಯೇ ಏಳದು.

ಆವರಣದ ದೋಷದಿಂದ ಬರುವ ರೋಗಗಳು

ಎಲುಬಿನ ಚಯಾಪಚಯ ರೋಗ ಯುವಿ-ಬಿ ಮತ್ತು ಕ್ಯಾಲ್ಸಿಯಂ ಕೊರತೆಯ ಫಲ. ಮೊದಲ ವರ್ಷದ ಮರಿಯ ಚಿಪ್ಪು ಸಹಜವಾಗಿಯೇ ತುಸು ಬಾಗುವಂತಿರುತ್ತದೆ. ಅದಾದ ಮೇಲೂ ಒತ್ತಿದರೆ ತಗ್ಗುವ ಚಿಪ್ಪು, ಎಳೆದುಕೊಂಡು ನಡೆಯುವ ಹಿಂಗಾಲು, ಮೆತ್ತಗಾದ ದವಡೆ ಇದರ ಗುರುತುಗಳು. ಬೇಗ ಕಂಡರೆ ತಡೆಯಬಹುದು. ಪಿರಮಿಡ್ಡಿಂಗ್ ಎಂದು ಹೆಸರಾದ ಉಬ್ಬುಚಿಪ್ಪಿನಲ್ಲಿ ಒಂದೊಂದು ಫಲಕವೂ ಪುಟ್ಟ ಗೋಪುರದಂತೆ ಏಳುತ್ತದೆ. ಒಣಗಾಳಿ, ಬಿಸಿದೀಪದ ನೇರ ಝಳ, ಅತಿವೇಗದ ಬೆಳವಣಿಗೆ ಸೇರಿ ಇದು ಬರುತ್ತದೆ. ಆವರಣ ಸರಿಪಡಿಸಿದರೆ ಮುಂದಿನ ಬೆಳವಣಿಗೆ ನುಣುಪಾಗಿ ಬರುತ್ತದೆ, ಎದ್ದ ಉಬ್ಬು ಇಳಿಯುವುದಿಲ್ಲ. ಮೂಗು ಸೋರುವುದು, ಬಾಯಿ ತೆರೆದು ಉಸಿರಾಡುವುದು ತಣ್ಣಗಿನ ತೇವದ ಅಥವಾ ಮೈಕೊಪ್ಲಾಸ್ಮಾ ಸೋಂಕಿನ ಲಕ್ಷಣ. ಊದಿದ ಕಣ್ಣು, ಕೆಳಚಿಪ್ಪಿನ ಕೊಳೆತ, ಹೊಟ್ಟೆಹುಳು ಇತರ ಸಾಮಾನ್ಯ ತೊಂದರೆಗಳು. ಹೊಸ ಮರಿಯನ್ನು ಕೆಲವು ತಿಂಗಳು ಬೇರೆಯೇ ಇರಿಸಿ ಮಲಪರೀಕ್ಷೆ ಮಾಡಿಸುವುದು ವಾಡಿಕೆ.

ಆಮೆಗಳ ಮೈಮೇಲೆ ಸಾಲ್ಮೊನೆಲ್ಲಾ ಬ್ಯಾಕ್ಟೀರಿಯಾ ಸಹಜವಾಗಿ ಇರುತ್ತದೆ. ಮಕ್ಕಳು ಚಿಕ್ಕ ಆಮೆಗಳನ್ನು ಬಾಯಿಗಿಟ್ಟುಕೊಂಡು ಕಾಯಿಲೆ ಬೀಳುತ್ತಿದ್ದುದರಿಂದ ಅಮೆರಿಕ 1975ರಲ್ಲಿ ನಾಲ್ಕು ಅಂಗುಲಕ್ಕಿಂತ ಚಿಕ್ಕ ಚಿಪ್ಪಿನ ಆಮೆಗಳ ಮಾರಾಟವನ್ನು ನಿಷೇಧಿಸಿತು. ಆವರಣಕ್ಕೆ ಕೈಹಾಕಿದ ಮೇಲೆ ಸೋಪು ಹಚ್ಚಿ ತೊಳೆಯಬೇಕು. ನೀರಿನ ತಟ್ಟೆಯನ್ನು ಅಡುಗೆಮನೆಯ ಸಿಂಕಿನಲ್ಲಿ ತೊಳೆಯಬಾರದು.

ಕಾನೂನು ಮತ್ತು ಇಂದಿನ ಸ್ಥಿತಿ

ಯುರೋಪಿನಲ್ಲಿ ಹರ್ಮನ್ ಆಮೆಯ ಮರಿಯನ್ನು ಮಾರಲು ಪ್ರಮಾಣಪತ್ರ ಕಡ್ಡಾಯ. ಬ್ರಿಟನ್ನಿನಲ್ಲಿ ಕೆಳಚಿಪ್ಪು 60 ಮಿ.ಮೀ. ದಾಟಿದ ಮೇಲೆ ಮೈಕ್ರೋಚಿಪ್ ಹಾಕಿಸಬೇಕು. ಬ್ರಿಟನ್, ಯುರೋಪುಗಳಲ್ಲಿ ನೆಲೆಸಿದ ಕನ್ನಡಿಗರು ಮರಿ ಕೊಳ್ಳುವಾಗ ಈ ಕಾಗದಪತ್ರಗಳನ್ನು ಕೇಳಿ ಪಡೆಯಬೇಕು.

ಭಾರತದಲ್ಲಿ ಸ್ಥಿತಿ ಬೇರೆ. ಕರ್ನಾಟಕದ ಪೂರ್ವದ ಕುರುಚಲು ಕಾಡುಗಳಲ್ಲಿ, ಆಂಧ್ರ, ತಮಿಳುನಾಡುಗಳ ಗಡಿಸೀಮೆಯಲ್ಲಿ ಬಾಳುವ ನಕ್ಷತ್ರ ಆಮೆಯನ್ನೂ ಪಶ್ಚಿಮಘಟ್ಟದ ತಿರುವಾಂಕೂರು ಆಮೆಯನ್ನೂ ಸಾಕುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅಪರಾಧ. 2022ರ ತಿದ್ದುಪಡಿ ನಕ್ಷತ್ರ ಆಮೆಯನ್ನು ಮೊದಲ ಅನುಸೂಚಿಗೆ ಸೇರಿಸಿತು. 2019ರಲ್ಲೇ ಅದು ಅಂತರರಾಷ್ಟ್ರೀಯ ವ್ಯಾಪಾರವನ್ನು ನಿಯಂತ್ರಿಸುವ ಸೈಟಿಸ್ ಒಪ್ಪಂದದ ಮೊದಲ ಪಟ್ಟಿಗೆ ಏರಿತ್ತು. ಮನೆಯಲ್ಲಿದ್ದರೆ ಅದೃಷ್ಟ ಬರುತ್ತದೆಂಬ ನಂಬಿಕೆಯೂ ವಿದೇಶದ ಬೇಡಿಕೆಯೂ ಇದರ ಕಳ್ಳಸಾಗಣೆಯನ್ನು ಇಂದಿಗೂ ಜೀವಂತವಾಗಿಟ್ಟಿವೆ. ಕಳ್ಳಸಾಗಣೆಯಾಗಿ ಸಿಂಗಪುರ ಸೇರಿದ್ದ 51 ನಕ್ಷತ್ರ ಆಮೆಗಳನ್ನು 2018ರ ನವೆಂಬರಿನಲ್ಲಿ ವಿಮಾನದಲ್ಲಿ ಬೆಂಗಳೂರಿಗೆ ಮರಳಿ ತರಲಾಯಿತು.

ಸಲ್ಕಾಟಾದಂಥ ವಿದೇಶಿ ಜಾತಿಗಳನ್ನು ಇಟ್ಟುಕೊಂಡವರು ಅವನ್ನು 2024ರ ಫೆಬ್ರವರಿಯಲ್ಲಿ ಜಾರಿಗೆ ಬಂದ ನಿಯಮಗಳ ಪ್ರಕಾರ ಕೇಂದ್ರ ಸರ್ಕಾರದ ಪರಿವೇಶ್ ಜಾಲತಾಣದಲ್ಲಿ ನೋಂದಾಯಿಸಬೇಕು. ಮರಿ ಹುಟ್ಟಿದರೂ, ಕೈ ಬದಲಾದರೂ ತಿಳಿಸಬೇಕು. ಬೆಂಗಳೂರಿನಂಥ ಊರಿನಲ್ಲಿ ಇವುಗಳ ಆವರಣಕ್ಕೆ ಚಳಿನಾಡಿನಷ್ಟು ಶಾಖದ ಏರ್ಪಾಡು ಬೇಡ, ಮಳೆಗಾಲದ ಮೋಡದ ತಿಂಗಳುಗಳಲ್ಲಿ ಮತ್ತು ಡಿಸೆಂಬರ್, ಜನವರಿಯ ರಾತ್ರಿಗಳಲ್ಲಿ ಮಾತ್ರ ದೀಪ, ಹೀಟರಿನ ಅಗತ್ಯ ಬೀಳುತ್ತದೆ. ಕಲಬುರಗಿಯ ಬೇಸಿಗೆಯಲ್ಲಿ ಕಾಯಿಸುವುದಕ್ಕಿಂತ ತಂಪಾಗಿಡುವುದೇ ಕೆಲಸ.

ದಾರಿಯಲ್ಲಿ, ಹೊಲದ ಬದುವಿನಲ್ಲಿ ಸಿಕ್ಕ ಹಳದಿ ನಕ್ಷತ್ರಗಳ ಮರಿಯಾಮೆಗೆ ಈ ಲೇಖನದಲ್ಲಿ ಹೇಳಿದ ಯಾವ ತೊಟ್ಟಿಯೂ ಬೇಕಿಲ್ಲ. ಅದನ್ನು ಇದ್ದಲ್ಲೇ ಬಿಡಬೇಕು. ಗಾಯಗೊಂಡಿದ್ದರೆ ಹತ್ತಿರದ ಅರಣ್ಯ ಇಲಾಖೆಯ ಕಚೇರಿಗೆ ತಿಳಿಸಬೇಕು.